ಮೂರು ಸಲ ಕೂಗಿದ ಹೆಸರು

ಆ ಭಾನುವಾರ ಅವರು ಗುರೆಳ್ಳು ಹುರಿಯುತ್ತಿದ್ದರು. ನಾನು ಅಡುಗೆಮನೆಯ ಹೊಸಿಲ ಬಳಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಭೀಮುನಿಪಟ್ಟಣದ ಆ ಬಾಡಿಗೆ ಮನೆ ಮಹಡಿಯ ಮೇಲಿತ್ತು. ಕಿಟಕಿಯಿಂದ ಸಮುದ್ರ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಒಂದು ಎಸಳು ಕೈಜಾರಿ ನೆಲಕ್ಕೆ ಬಿತ್ತು. ಎತ್ತಿಕೊಳ್ಳಲು ಬಗ್ಗಿದೆ.

“ಬಿಡು ಅದನ್ನ,” ಎಂದರು, ಬಾಣಲೆಯಿಂದ ಕಣ್ಣು ತೆಗೆಯದೆ.

“ತೊಳೆದ್ರೆ ಆಯ್ತಲ್ಲ ಸಿಸ್ಟರ್.”

“ನೆಲಾ ಮುಟ್ಟಿದ್ದು ಮ್ಯಾಲ ಬರಬಾರದು. ಹತ್ತು ವರ್ಷ ಆತು ನಿನಗ ಹೇಳಾಕತ್ತು. ನಿನ್ನ ತಲ್ಯಾಗ ಬೆಳ್ಳುಳ್ಳಿ ಐತೋ, ಬರೇ ಸಿಪ್ಪಿ ಐತೋ?”

ನಾನು ನಕ್ಕೆ, ಅವರು ನಗಲಿಲ್ಲ. ಆಮೇಲೆ ರೊಟ್ಟಿ, ಗುರೆಳ್ಳು ಚಟ್ನಿ, ಮಧ್ಯಾಹ್ನದ ನಿದ್ದೆ, ಸಂಜೆಯ ಬಸ್ಸು. ಹೇಳಿಕೊಳ್ಳುವಂಥದ್ದು ಏನೂ ನಡೆಯಲಿಲ್ಲ. ಆ ರೀತಿ ಏನೂ ನಡೆಯದೆ ನಾವಿಬ್ಬರೂ ಕಳೆದ ಕೊನೆಯ ದಿನ ಅದೇ ಎಂದು ಈಗ ತಿಳಿಯುತ್ತದೆ.

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಹೆಸರನ್ನು ಅದರ ಒಡೆಯರೇ ತಮ್ಮ ಬಾಯಿಂದ ಹೇಳಬೇಕು, ಬೇರೆಯವರು ಹೇಳಿದ್ದನ್ನು ನಂಬಬಾರದು ಎಂಬುದು ಅವರದೇ ನಿಯಮ. ವಿಶಾಖಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಹಿರಿಯ ನರ್ಸ್ ಆಗಿದ್ದರು. ರೋಗಿಗಳು ‘ಸಿಸ್ಟರಮ್ಮಗಾರು’ ಎನ್ನುತ್ತಿದ್ದರು. ನಾನು ಬರೀ ಸಿಸ್ಟರ್ ಎನ್ನುತ್ತಿದ್ದೆ. ಗದಗಿನ ಕಡೆಯವರು, ಅಲ್ಲೇ ಮಿಷನ್ ಆಸ್ಪತ್ರೆಯಲ್ಲಿ ಕಲಿತವರು, ಮದುವೆಯಾದವರಲ್ಲ. ನಾನು ಹರಿಹರದವಳು. ಗಂಡನಿಗೆ ದುವ್ವಾಡದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋದವಳು. ಪಿಯುಸಿ ಓದಿದ್ದೆ. ಅವರದೇ ವಾರ್ಡಿನ ಬಾಗಿಲ ಬಳಿಯ ಮೇಜಿನಲ್ಲಿ ಕೂತು ರೋಗಿಗಳ ಕೇಸ್ ಶೀಟು ಬರೆಯುವ ಕೆಲಸ ನನ್ನದು.

ಮೊದಲ ದಿನವೇ ಅವರು ನನ್ನ ಮುಂದೆ ನಿಂತು ತೆಲುಗಿನಲ್ಲಿ ಹೆಸರು ಕೇಳಿದರು. ಹೇಳಿದೆ. ನನ್ನ ತೆಲುಗು ಕೇಳಿ ತುಟಿ ಕಚ್ಚಿಕೊಂಡು, “ಯಾವೂರವಾ?” ಎಂದರು. ಎರಡು ತಿಂಗಳಿಂದ ಗಂಡನ ಹೊರತು ಯಾರ ಬಾಯಲ್ಲೂ ಕನ್ನಡ ಕೇಳಿರದ ನನಗೆ ಅಳು ಬಂತು. “ಅಳೂದಾದ್ರ ಹೊರಗ ಹೋಗಿ ಅಳು. ಇಲ್ಲಿ ಅತ್ರ ಪೇಷಂಟು ತನಗ ಏನೋ ಆಗೈತಿ ಅಂತ ತಿಳಕೋತಾಳ,” ಎಂದು ಹೇಳಿ ಹೋದರು. ಮಧ್ಯಾಹ್ನ ಅವರ ಡಬ್ಬಿಯ ಅರ್ಧ ರೊಟ್ಟಿ ನನ್ನ ಮೇಜಿನ ಮೇಲಿತ್ತು.

ಅವರು ಹೆಸರು ಕೇಳುವುದನ್ನು ನೋಡಬೇಕಿತ್ತು. ಚುಚ್ಚುಮದ್ದು ಇರಲಿ, ಒಂದು ಮಾತ್ರೆ ಇರಲಿ, ಮಂಚದ ಪಕ್ಕ ನಿಂತು, “ಮೀ ಪೇರೇಂಟಮ್ಮಾ?” ಎಂದು ಕೇಳುತ್ತಿದ್ದರು. ನೀವು ಇಂಥವರೇ ತಾನೆ ಎಂದು ಕೇಳುವಂತಿಲ್ಲ. ಜ್ವರದಲ್ಲಿರುವವರು ಯಾವ ಹೆಸರಿಗಾದರೂ ಹೂಂ ಅಂದುಬಿಡುತ್ತಾರೆ. ನಿಮ್ಮ ಹೆಸರೇನು ಎಂದೇ ಕೇಳಬೇಕು, ಅವರೇ ಹೇಳಬೇಕು. ಮೂರು ವಾರದಿಂದ ಮಲಗಿದ್ದ ಒಬ್ಬ ಹೆಂಗಸು ಒಮ್ಮೆ ರೇಗಿ, “ರೋಜೂ ಅಡುಗುತಾರೇಂಟಿ ಸಿಸ್ಟರಮ್ಮಾ, ಮರ್ಚಿಪೋಯಾರಾ?” ಎಂದರು. ದಿನಾ ಕೇಳ್ತೀರಲ್ಲ, ಮರೆತುಹೋಯಿತಾ ಅಂತ. “ನಾನು ಮರೆತಿಲ್ಲ, ನೀವು ಮರೆತಿದ್ದೀರೇನೋ ಅಂತ ನೋಡಿದೆ,” ಎಂದು ಇವರು ತೆಲುಗಿನಲ್ಲೇ ಉತ್ತರ ಕೊಟ್ಟರು. ಇಡೀ ಸಾಲು ಮಂಚಗಳು ನಕ್ಕವು.

ಎರಡನೆಯ ನಿಯಮ ನೆಲದ್ದು. ಹತ್ತಿ, ಬಟ್ಟೆ, ಮಾತ್ರೆ, ಏನೇ ಬೀಳಲಿ, ಅದು ಕಸ. ಒಮ್ಮೆ ದೊಡ್ಡ ಡಾಕ್ಟರ ಪೆನ್ನು ಬಿತ್ತು. ಅವರು ಬಗ್ಗುವ ಮೊದಲೇ ಸಿಸ್ಟರು ಅದನ್ನು ಹತ್ತಿಯ ಜೊತೆ ಗುಡಿಸಿ ಮೊರದಲ್ಲಿ ತುಂಬಿಕೊಂಡಾಗಿತ್ತು. “ಸಿಸ್ಟರ್, ನನ್ನ ಪೆನ್ನು!” ಎಂದರು ಡಾಕ್ಟರು. “ಬೀಳುವವರೆಗೆ ನಿಮ್ಮದು ಸಾರ್, ಈಗ ನನ್ನ ನೆಲದ್ದು,” ಎಂದರು ಇವರು. ಪೆನ್ನು ಸ್ಪಿರಿಟ್ಟಿನಲ್ಲಿ ಮಿಂದು ಎರಡು ದಿನದ ನಂತರ ಡಾಕ್ಟರಿಗೆ ಮರಳಿತು.

ಮೂರನೆಯದು ಪಾಳಿ ಬದಲಾಗುವಾಗಿನ ನಿಯಮ. ಒಬ್ಬ ನರ್ಸ್ ಇನ್ನೊಬ್ಬರಿಗೆ ವಾರ್ಡು ಒಪ್ಪಿಸುವಾಗ ಪುಸ್ತಕದಲ್ಲಿ ಬರೆದರೆ ಸಾಲದು. ಬಾಯಿಬಿಟ್ಟು ಹೇಳಬೇಕು, ಕೇಳಿದವರು ಅದನ್ನೇ ತಿರುಗಿ ಹೇಳಬೇಕು. “ಕಾಗದಕ್ಕ ಕಿವಿ ಇಲ್ಲವಾ,” ಎನ್ನುತ್ತಿದ್ದರು.

ಇಷ್ಟು ಎಚ್ಚರದ ಮನುಷ್ಯರ ಮೇಲೆ ಬಂದದ್ದು ಎಂಥ ಆರೋಪ ಎಂದರೆ ಕೇಳಿದವರು ನಗಬೇಕು. ಹನ್ನೊಂದನೆಯ ಮಂಚದ ಅಜ್ಜಿಗೆ ಕೊಟ್ಟ ಚುಚ್ಚುಮದ್ದು ಆಕೆಯದಾಗಿರಲಿಲ್ಲ. ಸೀಸೆಯ ಮೇಲೆ ಅಜ್ಜಿಯ ಹೆಸರಿನ ಚೀಟಿಯೇ ಇತ್ತು, ಒಳಗಿದ್ದ ಔಷಧ ಮಾತ್ರ ಇನ್ನೊಬ್ಬರದು. ಚೀಟಿ ಅಂಟಿಸುವುದು ಔಷಧ ವಿಭಾಗದ ಕೆಲಸ. ಅಜ್ಜಿ ಒಂದು ರಾತ್ರಿ ನಡುಗಿ, ಚೇತರಿಸಿಕೊಂಡು, ವಾರದಲ್ಲಿ ಮನೆಗೆ ಹೋದರು. ಆದರೆ ಅಜ್ಜಿಯ ಕಡೆಯವರು ಗಲಾಟೆ ಮಾಡಿದ್ದರು. ಆಡಳಿತಕ್ಕೆ ಯಾರಾದರೂ ಒಬ್ಬರು ಬೇಕಿತ್ತು. ವಿಚಾರಣೆ ಮಾಡಿ, ‘ರೋಗಿಯ ಹೆಸರು ವಿಚಾರಿಸದೆ ಚುಚ್ಚುಮದ್ದು ಕೊಟ್ಟಿರುತ್ತಾರೆ’ ಎಂದು ಬರೆದು ಸಿಸ್ಟರನ್ನು ಕೆಲಸದಿಂದ ತೆಗೆದರು. ಆಗ ಅವರ ನಿವೃತ್ತಿಗೆ ಎರಡು ವರ್ಷವೂ ಉಳಿದಿರಲಿಲ್ಲ.

ಅಜ್ಜಿಗೆ ಕಿವಿ ಮಂದ. ಅದಕ್ಕೇ ಆ ದಿನ ಸಿಸ್ಟರು ಗಟ್ಟಿಯಾಗಿ, ಎರಡು ಸಲ ಹೆಸರು ಕೇಳಿದ್ದರು. ಬಾಗಿಲ ಬಳಿಯ ಮೇಜಿನಲ್ಲಿದ್ದ ನನಗೂ ಕೇಳಿಸಿತ್ತು. ಅಜ್ಜಿ ಹೆಸರು ಹೇಳಿದ್ದೂ ಕೇಳಿಸಿತ್ತು.

ವಿಚಾರಣೆಗೆ ನನ್ನನ್ನೂ ಕರೆದಿದ್ದರು. “ಈ ಕೇಸ್ ಶೀಟು ನಿಮ್ಮ ಕೈಬರಹವೇ?” ಎಂದು ಕೇಳಿದರು. ಹೌದು ಎಂದೆ. ಬೇರೆ ಏನನ್ನೂ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆಗಷ್ಟೇ ಗಂಡನ ಕಾರ್ಖಾನೆ ಮುಚ್ಚಿತ್ತು. ಹೊರಗೆ ಬಂದರೆ ಸಿಸ್ಟರು ಬೆಂಚಿನ ಮೇಲೆ ಕೂತಿದ್ದರು. ನನ್ನ ಮುಖ ನೋಡಿ, “ಚಾ ಕುಡದಿ ಏನು?” ಎಂದರು. ಅಷ್ಟೇ ಕೇಳಿದರು.

ಅವರು ಕೇಸು ಹಾಕಿದರು. ಆಸ್ಪತ್ರೆಯ ಮುಖ್ಯ ಕಚೇರಿ ವಿಜಯವಾಡದಲ್ಲಿದ್ದುದರಿಂದ ಕೇಸೂ ಅಲ್ಲಿನ ನ್ಯಾಯಮಂಡಳಿಯಲ್ಲೇ. ವಕೀಲರನ್ನು ಇಟ್ಟುಕೊಳ್ಳಲಿಲ್ಲ. “ನನ್ನ ಬಾಯಿ ಇನ್ನೂ ಸತ್ತಿಲ್ಲ,” ಎಂದರು. ಅವರಿಗೆ ಕೆಲಸ ವಾಪಸು ಬೇಕಿರಲಿಲ್ಲ, ಪರಿಹಾರವೂ ಬೇಕಿರಲಿಲ್ಲ. “ಹೆಸರು ಕೇಳಲಿಲ್ಲ ಅಂತ ಬರದಾರಲ್ಲ, ಆ ಒಂದು ಮಾತು ತಗೀಲಿ. ನಾ ಅದನ್ನ ಹೊತಗೊಂಡು ಸಾಯಾಕ ಆಗೂದಿಲ್ಲ,” ಎಂದರು. ನಾನು ಸಾಕ್ಷಿ ಹೇಳುತ್ತೇನೆಂದು ಒಮ್ಮೆ ಬಾಯಿ ತೆರೆದೆ. “ನಿನ್ನ ಕೆಲಸ ಹೋಗತೈತಿ. ಸುಮ್ನಿರು,” ಎಂದು ತಡೆದರು. ತಡೆದದ್ದು ನನಗೆ ಹಿತವೆನಿಸಿತು. ಅದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ತಾರೀಖಿನ ದಿನ ಅವರು ಹತ್ತುತ್ತಿದ್ದ ಬೆಳಗಿನ ರೈಲು ದುವ್ವಾಡದಲ್ಲಿ ಎರಡು ನಿಮಿಷ ನಿಲ್ಲುತ್ತಿತ್ತು. ನಾನು ಪ್ಲಾಟ್‌ಫಾರ್ಮಿನಲ್ಲಿ ಡಬ್ಬಿ ಹಿಡಿದು ನಿಂತಿರುತ್ತಿದ್ದೆ. ಕಿಟಕಿಯಿಂದ ಕೈ ಚಾಚಿ ಇಸಿದುಕೊಂಡು, “ಏನೈತಿ?” ಎನ್ನುತ್ತಿದ್ದರು. “ಚಪಾತಿ, ಬದನೆಕಾಯಿ ಪಲ್ಯ,” ಎಂದರೆ, “ಚಪಾತಿ, ಬದನಿಕಾಯಿ ಪಲ್ಯೆ,” ಎಂದು ತಿರುಗಿ ಹೇಳುತ್ತಿದ್ದರು. ವಾರ್ಡು ಒಪ್ಪಿಸಿದ ಹಾಗೆ. ಗೋದಾವರಿಯ ಸೇತುವೆ ಬಂದರೆ ಸುತ್ತ ಮಲಗಿದ್ದವರನ್ನೆಲ್ಲ ಎಬ್ಬಿಸಿ ಹೊಳೆ ತೋರಿಸುತ್ತಿದ್ದರಂತೆ. ಯಾರೂ ಬೈದಿರಲಿಲ್ಲ. ನರ್ಸ್ ಎಬ್ಬಿಸಿದಂತೆ ಎಬ್ಬಿಸಿದರೆ ಯಾರು ಬೈಯುತ್ತಾರೆ?

ನ್ಯಾಯಮಂಡಳಿಯ ಬಾಗಿಲಲ್ಲಿ ದಫೇದಾರರು ಹೆಸರನ್ನು ಮೂರು ಸಲ ಕೂಗುತ್ತಾರೆ. ಇವರು ಮೊದಲ ಕೂಗು ಮುಗಿಯುವ ಮೊದಲೇ ವರಾಂಡದಿಂದ “ಓ” ಎನ್ನುತ್ತಿದ್ದರು. ಆಗ ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳು ಒಮ್ಮೆ, “ಅಮ್ಮಾ, ಇದಿ ಸ್ಕೂಲು ಕಾದು,” ಎಂದು ನಕ್ಕಿದ್ದರಂತೆ. ಇದು ಶಾಲೆಯಲ್ಲ ಅಂತ. ಆದರೂ ಮುಂದಿನ ತಾರೀಖಿನಲ್ಲೂ “ಓ” ಎಂದೇ ಬಂದರು.

ಆ ಅಧಿಕಾರಿಗಳು ವರ್ಗವಾಗಿ ಹೋದ ಮೇಲೆ ಕುರ್ಚಿ ತಿಂಗಳುಗಟ್ಟಲೆ ಖಾಲಿ ಇತ್ತು. ತಾರೀಖು ಕೊಡುವವರಿಲ್ಲ. ಕಚೇರಿಯ ಗೋಡೆಯ ಮೇಲೆ, ಇನ್ನು ಮುಂದೆ ನೋಟಿಸುಗಳು ಅಂಚೆಯಲ್ಲಿ ಬರುವುದಿಲ್ಲ, ಕಂಪ್ಯೂಟರಿಗೆ ಬರುತ್ತವೆ, ಇಮೇಲ್ ವಿಳಾಸ ಕೊಡಿ ಎಂಬ ಹಾಳೆ ಅಂಟಿಸಿದ್ದರು. ಮೊಬೈಲು ಎಲ್ಲರ ಕೈಗೂ ಬಂದಿದ್ದರೂ ಇಂಟರ್ನೆಟ್ಟಿಗೆ ಇನ್ನೂ ಅಂಗಡಿಗೇ ಹೋಗಬೇಕಿದ್ದ ಕಾಲ. ಸಿಸ್ಟರ ಬಳಿ ಮೊಬೈಲೂ ಇರಲಿಲ್ಲ. ದುವ್ವಾಡದ ಅಂಗಡಿಯೊಂದರಲ್ಲಿ ಕೂತು ನಾನೇ ಅವರ ಹೆಸರಲ್ಲಿ ಇಮೇಲ್ ಮಾಡಿದೆ. ಅವರು ಪಕ್ಕದಲ್ಲಿ ಕೂತು ಪರದೆಯನ್ನು ನೋಡಿದರು.

“ಇದು ಬಂತು ಅಂತ ನನಗ ಹೆಂಗ ಗೊತ್ತಾಗಬೇಕು? ಗಂಟಿ ಬಾರಸತೈತೇನು?”

“ಇಲ್ಲ ಸಿಸ್ಟರ್, ನಾವೇ ಬಂದು ನೋಡಬೇಕು.”

“ಟಪಾಲಿನವ ಮನೀಗೆ ಬರತಿದ್ದ. ಈಗ ನಾವ ಟಪಾಲಿನವನ ಮನೀಗೆ ಬರಬೇಕು. ಛಲೋ ಸುಧಾರಣಿ!”

ನಾನು ಎರಡು ದಿನಕ್ಕೊಮ್ಮೆ ನೋಡುತ್ತೇನೆಂದು ಮಾತು ಕೊಟ್ಟೆ. ನೋಡುತ್ತಲೂ ಇದ್ದೆ.

ಬೆಳ್ಳುಳ್ಳಿಯ ಭಾನುವಾರ ಕಳೆದು ಮಂಗಳವಾರ ಆ ನೋಟಿಸು ಬಂತು. ಹೊಸ ಅಧಿಕಾರಿ ಬಂದಿದ್ದಾರೆ, ಮುಂದಿನ ಸೋಮವಾರ ವಿಚಾರಣೆ. ಅಚ್ಚು ಹಾಕಿಸಿಕೊಂಡು ಬುಧವಾರ ಸಂಜೆ ಭೀಮುನಿಪಟ್ಟಣಕ್ಕೆ ಹೋದೆ. ಬಾಗಿಲಿಗೆ ಬೀಗ. ಬುಧವಾರದ ಪ್ರಾರ್ಥನೆಗೆ ಚರ್ಚಿಗೆ ಹೋಗಿದ್ದರು. ಕೆಳಗಿನ ಮನೆಯವರ ಕೈಗೆ ಕೊಡುವಂತಿರಲಿಲ್ಲ. ಕೆಲಸದಿಂದ ತೆಗೆದ ಸಂಗತಿ ಅವರಿಗೆ ತಿಳಿಯಬಾರದೆಂದು ಸಿಸ್ಟರು ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಅದೇ ಕಾರಣಕ್ಕೆ ಆ ಮನೆಯ ಫೋನಿನಲ್ಲೂ ಈ ವಿಷಯ ಮಾತಾಡುವಂತಿರಲಿಲ್ಲ. ಕೊನೆಯ ಬಸ್ಸಿನ ಹೊತ್ತಾಗಿತ್ತು. ಹಾಳೆಯನ್ನು ಮಡಚಿ ಬಾಗಿಲ ಕೆಳಗಿನಿಂದ ಒಳಗೆ ತಳ್ಳಿ ಬಂದೆ. ಆ ಭಾನುವಾರ ನನಗೆ ಕೆಲಸವಿತ್ತು, ಊಟಕ್ಕೆ ಹೋಗಲಾಗಲಿಲ್ಲ.

ಸೋಮವಾರ ಬೆಳಿಗ್ಗೆ ಡಬ್ಬಿ ಹಿಡಿದು ದುವ್ವಾಡದಲ್ಲಿ ನಿಂತೆ. ಯಾವ ಕಿಟಕಿಯಿಂದಲೂ ಕೈ ಬರಲಿಲ್ಲ. ನೂಕುನುಗ್ಗಲಿತ್ತು. ಆಚೆ ಬದಿಯಲ್ಲಿ ಸೀಟು ಸಿಕ್ಕಿರಬೇಕು ಅಂದುಕೊಂಡೆ.

ಬುಧವಾರ ಅಂಗಡಿಯ ಕಂಪ್ಯೂಟರಿನಲ್ಲಿ ಆದೇಶ ಬಂದಿತ್ತು. ಅರ್ಜಿದಾರರನ್ನು ಮೂರು ಸಲ ಕೂಗಲಾಯಿತು, ಹಾಜರಿಲ್ಲ, ಅರ್ಜಿ ವಜಾ.

ಅದೇ ಸಂಜೆ ಹೋದೆ. ಅವರು ಪ್ರಾರ್ಥನೆಗೆ ಹೊರಡಲು ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ನಾನು ಹೇಳಿ ಮುಗಿಸುವವರೆಗೆ ನಿಂತೇ ಇದ್ದರು.

“ನಾ ಇಲ್ಲೇ ಇದ್ನಲ್ಲ,” ಎಂದರು. “ಸೋಮಾರ ಇಲ್ಲೇ ಕುಂತು ಪರದಿ ಹೊಲ್ಯಾಕತ್ತಿದ್ದೆ.”

“ಬಾಗಿಲ ಕೆಳಗೆ ಹಾಕಿದ್ದೆ ಸಿಸ್ಟರ್. ಬಿಳಿ ಹಾಳೆ. ನಾಲ್ಕು ಮಡಿಕೆ.”

ಅವರು ಬಾಗಿಲ ಕಡೆ ನೋಡಿದರು, ಮೂಲೆಯ ಪೊರಕೆಯ ಕಡೆ ನೋಡಿದರು. ಆಗ ಆ ಊರಿನಲ್ಲಿ ಸೈಟು ಮಾರುವವರು ದಿನವೂ ಮನೆಮನೆಯ ಬಾಗಿಲ ಸಂದಿಯಲ್ಲಿ ಕರಪತ್ರ ತುರುಕುತ್ತಿದ್ದರು. ಋಷಿಕೊಂಡದ ಗುಡ್ಡಗಳ ಮೇಲೆ ಕಂಪ್ಯೂಟರ್ ಕಚೇರಿಗಳು ಏಳತೊಡಗಿದ ಮೇಲೆ ಅದು ಇನ್ನೂ ಹೆಚ್ಚಾಗಿತ್ತು.

“ಬೇಸ್ತವಾರ ಮುಂಜಾನೆ ಗುಡಿಸಿದೆ,” ಎಂದರು ಮೆಲ್ಲಗೆ. “ಚಷ್ಮಾ ಹಾಕಿದ್ದಿಲ್ಲ. ನೆಲದ ಮ್ಯಾಲ ಬಿದ್ದಿತ್ತು. ಗುಡಿಸಿ, ಎಲಿ ಕಸದ ಕೂಡ ಸುಟ್ಟೆ.”

ನಾನು ಅಳತೊಡಗಿದೆ. ಬಾಯಿಂದ ಹೇಳದೆ ಕಾಗದ ಬಿಟ್ಟು ಬಂದವಳು ನಾನು, ಎಂದೆ. ಅವರು ಕುರ್ಚಿಯಲ್ಲಿ ಕೂತರು. ಸೆರಗಿನಿಂದ ಮುಖ ಮುಚ್ಚಿಕೊಂಡರು. ಅಳುತ್ತಿದ್ದಾರೆಂದು ನೋಡಿದರೆ ನಗುತ್ತಿದ್ದರು. “ನೀ ನನ್ನ ಮೂರನೇ ನಿಯಮ ಮುರದಿ, ನಾ ನನ್ನ ಎರಡನೇ ನಿಯಮ ಪಾಲಿಸಿದೆ. ಇಬ್ಬರೂ ಕೂಡಿ ಕೇಸು ಮುಗಿಸಿದ್ವಿ. ಆ ಆಸ್ಪತ್ರಿಯವರಿಗೆ ವಕೀಲ ಯಾಕ ಬೇಕಿತ್ತು?”

ವಜಾ ಆದ ಅರ್ಜಿಯನ್ನು ಮತ್ತೆ ತೆಗೆದುಕೊಳ್ಳಿ ಎಂದು ಕೇಳಲು ಒಂದು ತಿಂಗಳ ಗಡುವಿತ್ತು. ಗೈರುಹಾಜರಿಗೆ ಕಾರಣ ಬರೆದು ಪ್ರಮಾಣ ಮಾಡಬೇಕು. ಜ್ವರ ಎಂದು ಬರೆಯೋಣ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದೆ.

“ಜ್ವರ ಎಷ್ಟಿತ್ತು?”

“ನೂರಾ ಎರಡು ಅನ್ನೋಣ.”

“ಚಾರ್ಟ್ ಎಲ್ಲೈತಿ?” ಎಂದು ನನ್ನನ್ನು ದಿಟ್ಟಿಸಿದರು. “ನಾ ಕೇಳಿದ್ದನ್ನ ಕೇಳಿಲ್ಲ ಅಂತ ಅವರು ಸುಳ್ಳು ಬರದ್ರು. ಅದಕ್ಕ ನಾ ಜ್ವರದ ಸುಳ್ಳು ಬರೀಲೇನು? ಗುಡಿಸಿದೆ ಅಂತ ಬರಿ.”

ಹಾಗೇ ಬರೆದೆವು. ಆ ಸಲ ರಜೆ ಹಾಕಿ ನಾನೂ ಜೊತೆಗೆ ಹೋದೆ. ಆಸ್ಪತ್ರೆಯ ವಕೀಲರು ಎದ್ದು, ಇಮೇಲ್ ತಲುಪಿದೆ, ತೆರೆದು ಓದಿದ್ದಾರೆ, ಪೊರಕೆಯ ಕಥೆ ಕಟ್ಟಿ ನ್ಯಾಯಮಂಡಳಿಯ ಹೊತ್ತು ಕಳೆಯುತ್ತಿದ್ದಾರೆ ಎಂದರು. ಹೊಸ ಅಧಿಕಾರಿಗಳು ಕಾಗದದಿಂದ ತಲೆಯೆತ್ತಿದರು.

“ಚೀಪುರುತೋ ಊಡ್ಚೇಶಾರಾ ಅಮ್ಮಾ?” ಪೊರಕೆಯಿಂದ ಗುಡಿಸಿಬಿಟ್ಟಿರಾ ಎಂದು ಕೇಳಿದರು.

“ಅವುನಂಡಿ,” ಎಂದು ಒಪ್ಪಿಕೊಂಡರು ಸಿಸ್ಟರು. ನೆಲ ಮುಟ್ಟಿದ್ದು ಮೇಲೆ ಬರಬಾರದು, ಮೂವತ್ತೈದು ವರ್ಷದ ಅಭ್ಯಾಸ ಎಂದು ತೆಲುಗಿನಲ್ಲಿ ವಿವರಿಸಿದರು. ಯಾರೋ ಹಿಂದಿನಿಂದ ನಕ್ಕರು. ಅಧಿಕಾರಿಗಳು ನಗಲಿಲ್ಲ. ಸುಳ್ಳು ಹೇಳುವವರು ಇದಕ್ಕಿಂತ ಒಳ್ಳೆಯ ಕಾರಣ ತರುತ್ತಾರೆ ಎಂದು ಹೇಳಿ, ಅರ್ಜಿಯನ್ನು ಮತ್ತೆ ಕಡತಕ್ಕೆ ತೆಗೆದುಕೊಂಡರು. ಸಾಕ್ಷಿಗೆಂದು ತಾರೀಖು ಹೇಳಿದರು. ಸಿಸ್ಟರು ಕೈಕಟ್ಟಿ ನಿಂತು ಆ ತಾರೀಖನ್ನು ತಿರುಗಿ ಹೇಳಿದರು.

ವಾಪಸು ಬರುವ ರೈಲಿನಲ್ಲಿ ಏಲೂರು ದಾಟಿದ ಮೇಲೆ ನಾನು, “ಸಾಕ್ಷಿ ನಾನು ಹೇಳ್ತೀನಿ,” ಎಂದೆ. ಅಜ್ಜಿ ಅಷ್ಟು ಹೊತ್ತಿಗೆ ವಯಸ್ಸಾಗಿ ತೀರಿಕೊಂಡಿದ್ದರು. ಕೇಳಿಸಿಕೊಂಡವಳಾಗಿ ಉಳಿದಿದ್ದವಳು ನಾನೊಬ್ಬಳೇ. ಗೋದಾವರಿ ಬಂದಾಗ ಅವರು ಯಾರನ್ನೂ ಎಬ್ಬಿಸಲಿಲ್ಲ. ಸೇತುವೆ ಮುಗಿದ ಮೇಲೆ ನನ್ನ ಕೈ ಹಿಡಿದರು.

“ನಿನ್ನ ಹೆಸರು ನಾ ಕೊಡಾಂಗಿಲ್ಲ,” ಎಂದರು. “ನೀನ ಎದ್ದು ಹೇಳಬೇಕು. ಹೇಳಲಿಲ್ಲಂದ್ರೂ ಭಾನುವಾರ ಊಟಕ್ಕ ಬಾ.”

ತಾರೀಖಿಗೆ ಹದಿನೈದು ದಿನ ಇರುವಾಗ ಅವರಿಗೆ ಎದೆನೋವು ಬಂತು. ಕೆಳಗಿನ ಮನೆಯವರೇ ಸರ್ಕಾರಿ ಆಸ್ಪತ್ರೆಗೆ ಸೇರಿಸಿ ನನಗೆ ಫೋನು ಮಾಡಿದರು. ನಾನು ಹೋದಾಗ ನರ್ಸೊಬ್ಬಳು ಸೂಜಿ ಹಿಡಿದು ನಿಂತಿದ್ದಳು. ಇವರು ತೋಳನ್ನು ಹೊದಿಕೆಯೊಳಗೆ ಎಳೆದುಕೊಂಡಿದ್ದರು.

“ಪೇರು ಅಡುಗಮ್ಮಾ,” ಎನ್ನುತ್ತಿದ್ದರು. ಮೊದಲು ಹೆಸರು ಕೇಳು ಅಂತ.

“ಗೊತ್ತಲ್ಲಮ್ಮ, ಚೀಟಿಯಲ್ಲಿದೆ,” ಎಂದಳು ಅವಳು ತೆಲುಗಿನಲ್ಲಿ.

“ಚೀಟಿನ ನಂಬಿ ಕೆಟ್ಟವಳು ನಾನು. ಕೇಳು.”

ಅವಳು ನನ್ನ ಕಡೆ ನೋಡಿ, ಸೋತು, “ಮೀ ಪೇರೇಂಟಮ್ಮಾ?” ಎಂದಳು. ಸಿಸ್ಟರು ತಂದೆಯ ಹೆಸರು, ಊರ ಹೆಸರು ಸೇರಿಸಿ, ಶಾಲೆಯ ಹಾಜರಿಯಲ್ಲಿ ಹೇಳುವಂತೆ ತಮ್ಮ ಪೂರ್ತಿ ಹೆಸರು ಹೇಳಿದರು. ಆಮೇಲೆ ತೋಳು ಚಾಚಿದರು. ಅವರ ಪೂರ್ತಿ ಹೆಸರನ್ನು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ. ಮರುದಿನ ಮಧ್ಯಾಹ್ನ ಹೋಗಿಬಿಟ್ಟರು.

ತಾರೀಖಿನ ದಿನ ದುವ್ವಾಡದಲ್ಲಿ ನಾನೇ ರೈಲು ಹತ್ತಿದೆ. ಅಭ್ಯಾಸಬಲದಿಂದ ಡಬ್ಬಿ ಕಟ್ಟಿಕೊಂಡಿದ್ದೆ. ವಿಜಯವಾಡದಲ್ಲಿ ದಫೇದಾರರು ಹೆಸರು ಕೂಗಿದರು. ವರಾಂಡದಲ್ಲಿದ್ದ ಇಬ್ಬರು ಗುಮಾಸ್ತರು ತಿರುಗಿ ನೋಡಿದರು. ಆ “ಓ” ಅವರಿಗೂ ಅಭ್ಯಾಸವಾಗಿತ್ತು. ಎರಡನೆಯ ಕೂಗು. ಮೂರನೆಯ ಕೂಗು ಮುಗಿಯುವವರೆಗೆ ನನಗೆ ಏಳಲಾಗಲಿಲ್ಲ. ಆಮೇಲೆ ಒಳಗೆ ಹೋಗಿ, ಅವರು ತೀರಿಕೊಂಡರು ಎಂದು ಹೇಳಿ, ಸರ್ಕಾರಿ ಆಸ್ಪತ್ರೆಯವರು ಕೊಟ್ಟ ಮರಣದ ಚೀಟಿ ಕೊಟ್ಟೆ.

ವಾರಸುದಾರರು ಇದ್ದಾರಾ ಎಂದು ಅಧಿಕಾರಿಗಳು ಕೇಳಿದರು. ಇಲ್ಲ ಎಂದೆ. ನೀವು ಏನಾಗಬೇಕು ಎಂದರು. ನನ್ನ ಹೆಸರು ಹೇಳಿದೆ, ಸಾಕ್ಷಿ ಹೇಳಲು ಬಂದಿದ್ದೇನೆ ಎಂದೆ. ಆಸ್ಪತ್ರೆಯ ವಕೀಲರು ಎದ್ದು, ಅರ್ಜಿದಾರರೇ ಇಲ್ಲದ ಮೇಲೆ ಸಾಕ್ಷಿಗೆ ಎಡೆಯಿಲ್ಲ ಎಂದರು. ಆ ಸಲ ಅವರು ದನಿ ಎತ್ತಲಿಲ್ಲ. ಕಾನೂನು ಹಾಗೇ ಇದೆ ಎಂದು ಅಧಿಕಾರಿಗಳೂ ಹೇಳಿದರು. ಕೂತುಕೊಳ್ಳಿ, ನೀರು ಕುಡಿಯಿರಿ ಎಂದರು. ಅರ್ಜಿ ಮುಗಿಯಿತು.

ಆ ಆದೇಶವೂ ಇಮೇಲಿನಲ್ಲೇ ಬಂತು, ಅವರ ಹೆಸರಿಗೆ. ಅಚ್ಚು ಹಾಕಿಸಿ ಇಟ್ಟುಕೊಂಡಿದ್ದೇನೆ. ನನ್ನ ಕೆಲಸ ಹೋಗಲಿಲ್ಲ. ವಕೀಲರು ಆಸ್ಪತ್ರೆಗೆ ಹೇಳಿದರೋ ಇಲ್ಲವೋ, ಯಾರೂ ನನ್ನನ್ನು ಏನೂ ಕೇಳಲಿಲ್ಲ. ಭಾನುವಾರ ಬೆಳ್ಳುಳ್ಳಿ ಸುಲಿಯುವಾಗ ಈಗಲೂ ಎಸಳು ಬೀಳುತ್ತದೆ. ಎತ್ತಿಕೊಳ್ಳುವುದಿಲ್ಲ.

ಹನ್ನೊಂದನೆಯ ಮಂಚದ ಬಳಿ ನಿಂತು ಅವರು ಎರಡು ಸಲ ಹೆಸರು ಕೇಳಿದರು. ಅಜ್ಜಿ ಹೆಸರು ಹೇಳಿದರು. ನಾನು ಕೇಳಿಸಿಕೊಂಡೆ. ಆಸ್ಪತ್ರೆಯ ಕಡತದಲ್ಲಾಗಲಿ, ವಿಜಯವಾಡದ ಕಡತದಲ್ಲಾಗಲಿ ಈ ಮಾತು ಇವತ್ತಿಗೂ ಇಲ್ಲ.